ಮೇಲಣ ಫುಸ, ಕೆಳಗಣ ಫುಸ: ಹೀಗೆ ಬರೆಯಬಹುದೇ?

ಎಲ್ಲರಿಗೂ ನಮಸ್ಕಾರ.

ಜಪಾನಿನ ಹಳೆಯ ನಾಡುಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಝುಸ, ಶಿಮೋಸ ಎಂಬ ಎರಡು ಹೆಸರುಗಳ ಹತ್ತಿರ ಬಂದು ನಿಂತಿದ್ದೇನೆ. ಟೋಕಿಯೊ ಪಕ್ಕದ ಇವತ್ತಿನ ಚಿಬಾದಲ್ಲಿ ಬರುವ ಸೀಮೆಗಳಿವು. ಮೊದಲು ಎರಡೂ ಸೇರಿ ಫುಸ ಅನ್ನೋ ಒಂದೇ ನಾಡು ಅಂತಾರೆ. ಅದನ್ನು ಒಡೆದು ಕಾಮಿ-ತ್ಸು-ಫುಸ, ಶಿಮೋ-ತ್ಸು-ಫುಸ ಎಂದು ಕರೆದರು. ಕಾಮಿ ಅಂದರೆ ಮೇಲೆ, ಶಿಮೋ ಅಂದರೆ ಕೆಳಗೆ. ನಡುವಿನ ‘ತ್ಸು’ ನಮ್ಮ ಮೇಲಣ, ಕೆಳಗಣ, ಮೂಡಣಗಳ ‘ಅಣ’ ಮಾಡುವ ಕೆಲಸವನ್ನೇ ಮಾಡುತ್ತದೆ. ಆಡಿ ಆಡಿ ಸವೆದು ಕಝುಸ, ಶಿಮೋಸ ಆಗಿವೆ. ಮೇಲಣ ಫುಸ, ಕೆಳಗಣ ಫುಸ ಅಂದರೆ ಪದಕ್ಕೆ ಪದ ಕೂರುತ್ತದೆ, ಅಲ್ವಾ?

ತೊಡಕಿರುವುದು ನಕಾಶೆಯಲ್ಲಿ. ‘ಮೇಲಣ’ ಕಝುಸ ದಕ್ಷಿಣಕ್ಕಿದೆ, ‘ಕೆಳಗಣ’ ಶಿಮೋಸ ಉತ್ತರಕ್ಕೆ! ನಾವು ಘಟ್ಟದ ಮೇಲೆ, ಘಟ್ಟದ ಕೆಳಗೆ ಅನ್ನುವ ಹಾಗೆ ಎತ್ತರ ನೋಡಿ ಇಟ್ಟ ಹೆಸರೂ ಅಲ್ಲ. ರಾಜಧಾನಿಗೆ ಹತ್ತಿರದ್ದು ಮೇಲೆ, ದೂರದ್ದು ಕೆಳಗೆ. (ಈಗಲೂ ಅಲ್ಲಿ ಟೋಕಿಯೊ ಕಡೆಗೆ ಹೋಗುವುದು ‘ಹತ್ತುವ’ ರೈಲೇ.) ಆಗಿನ ರಾಜಧಾನಿ ಪಶ್ಚಿಮದಲ್ಲಿ, ಯಮಾಟೊ (ಇವತ್ತಿನ ನಾರಾ) ಕಡೆ. ಅಲ್ಲಿಂದ ಬರುವ ತೋಕೈದೋ ಹೆದ್ದಾರಿ ಸಗಾಮಿ ನಾಡಿನ ಮಿಉರಾದಲ್ಲಿ ಕಡಲಿಗೆ ಬಂದು ಮುಟ್ಟುತ್ತಿತ್ತು. ಅಲ್ಲಿಂದ ಮುಂದೆ ದೋಣಿ. ಟೋಕಿಯೊ ಕೊಲ್ಲಿಯ ಬಾಯಿ ದಾಟಿ ಕಾಲಿಟ್ಟರೆ ಕಝುಸ. ಶಿಮೋಸ ಅದರಾಚೆ. 712ರ ಕೊಜಿಕಿ ಎಂಬ ಹಳೆಯ ಪುರಾಣ-ಚರಿತ್ರೆಯ ಗ್ರಂಥದಲ್ಲಿ ಯಮಾಟೊ ತಕೆರು ಎಂಬ ರಾಜಕುಮಾರ ದಾಟುವುದೂ ಇದೇ ನೀರನ್ನು. ಅಲೆಗಳನ್ನು ತಣಿಸಲು ಅವನ ಹೆಂಡತಿ ಒತೊ-ತಾಚಿಬಾನಾ ಕಡಲಿಗೆ ಇಳಿಯುವುದು ಇಲ್ಲೇ.

ಹಾಗಾದರೆ ಸುಮ್ನೆ ಈಚೆ ಫುಸ, ಆಚೆ ಫುಸ ಅನ್ನಬಹುದಲ್ಲ ಅಂತ ಹೊಳೆಯಿತು. ಅದೂ ಪೂರ್ತಿ ಒಗ್ಗುತ್ತಿಲ್ಲ. 771ರಲ್ಲಿ ಮುಸಾಶಿ ನಾಡನ್ನು, ಅಂದರೆ ಇವತ್ತಿನ ಟೋಕಿಯೊ ಇರುವ ಸೀಮೆಯನ್ನು, ತೋಕೈದೋ ಸಾಲಿನ ನಾಡುಗಳಿಗೆ ಸೇರಿಸಿದರು. ದಾರಿ ನೆಲದ ಮೇಲೆ ಸಾಗಿತು. ಆಮೇಲೆ ಮೊದಲು ಸಿಗುವುದೇ ಶಿಮೋಸ. ಹೆಸರುಗಳು ಮಾತ್ರ ಹಾಗೇ ಉಳಿದವು. ಲೇಖನ 771 ದಾಟುತ್ತಿದ್ದಂತೆ ನನ್ನ ಈಚೆ-ಆಚೆ ಅದಲುಬದಲು!

ನನ್ನ ಒಲವು ‘ಮೇಲಣ, ಕೆಳಗಣ’ ಕಡೆಗೇ. ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಟ್ಟರೆ ಸಾಕು ಅನ್ನಿಸುತ್ತದೆ. ಹಳಗನ್ನಡದಲ್ಲೋ ಶಾಸನಗಳಲ್ಲೋ ರಾಜಧಾನಿಯಿಂದ ಇರುವ ದೂರವನ್ನು ಮೇಲೆ-ಕೆಳಗೆ ಎಂದು ಹೇಳಿದ್ದನ್ನು ಯಾರಾದರೂ ಕಂಡಿದ್ದೀರಾ? ಹಾಗೇ ಇಂಥ ಸೀಮೆಗೆ ಜಪಾನಿಯರು ಹೇಳುವ ‘ಕುನಿ’ಗೆ ನಾನು ನಾಡು ಅಂತ ಹಾಕಿದ್ದೇನೆ. ಆದರೆ ಅದನ್ನು ಆಳಲು ರಾಜಧಾನಿಯಿಂದಲೇ ಅಧಿಕಾರಿ ಬರುತ್ತಿದ್ದ. ಪ್ರಾಂತ್ಯ ಅನ್ನುವುದೇ ಮೇಲೇ?