ಸುತ್ತುಸದ್ದು ಸರಿಯೇ? ಇಮ್ಮರ್ಸಿವ್‌ಗೆ "ಕವಿ" ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಸ್ಪೀಕರ್ ಜೋಡಿಸಿಕೊಳ್ಳುವವರಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಎರಡು ಇಂಗ್ಲಿಷ್ ಪದಗಳಿಗೆ ಕನ್ನಡದ ಪದ ಹುಡುಕುತ್ತಾ ನಿಂತುಬಿಟ್ಟಿದ್ದೇನೆ.

ಮೊದಲನೆಯದು ಸರೌಂಡ್ ಸೌಂಡ್, ಅಂದರೆ ಕೇಳುವವರ ಸುತ್ತಲೂ ಸ್ಪೀಕರ್ ಇಟ್ಟು ಕೇಳಿಸುವ ಸದ್ದು. ಸುತ್ತುಗೋಡೆ, ಸುತ್ತುಪೌಳಿ ಇರುವ ಹಾಗೆ ಸುತ್ತುಸದ್ದು ಅಂತ ಬರೆದೆ. ಓದಿದ ಗೆಳೆಯರೊಬ್ಬರು, ಸದ್ದೇ ಗಿರಗಿರ ಸುತ್ತುವ ಹಾಗೆ ಕೇಳಿಸುತ್ತದೆ ಅಂದರು. ಸುತ್ತುಗೋಡೆ ಅಂದಾಗ ಗೋಡೆ ತಿರುಗುತ್ತದೆ ಅಂತ ಯಾರೂ ಅಂದುಕೊಳ್ಳಲ್ಲ ಅಲ್ವಾ? ಸರೌಂಡ್ ಸೌಂಡಿನ 5.1 ಅನ್ನುವ ಜೋಡಣೆಯೂ ಅಂಥದ್ದೇ ಒಂದು ಗೋಡೆ: ಮುಂದೆ ಮೂರು ಸ್ಪೀಕರ್, ಅದರಲ್ಲಿ ನಡುವಿನದು ಹೆಚ್ಚಾಗಿ ಮಾತಿಗೆ, ಕಿವಿಯ ನೇರಕ್ಕಿಂತ ತುಸು ಹಿಂದೆ ಎಡಬಲಕ್ಕೆ ಎರಡು, ಆ ಪಾಯಿಂಟ್ ವನ್ ಅನ್ನೋದು ಬರೀ ಬೇಸ್ ಕೊಡುವ ಸಬ್‌ವೂಫರ್. ಬೇಸ್ ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ತಿಳಿಯೋದು ಕಷ್ಟ, ಅದಕ್ಕೇ ಅದನ್ನು ಮೂಲೆಯಲ್ಲಿಟ್ಟರೂ ನಡೆಯುತ್ತದೆ. ಉಳಿದವು ಹಾಗಲ್ಲ. ಎಡಗಡೆಯ ಸದ್ದು ಎಡಗಿವಿಗೆ ಮುಟ್ಟಿ, ಒಂದು ಮಿಲಿಸೆಕೆಂಡೂ ಕಳೆಯುವ ಮೊದಲೇ ಬಲಗಿವಿಗೆ ಮುಟ್ಟುತ್ತದೆ, ಅಷ್ಟು ಸಣ್ಣ ಅಂತರದಲ್ಲೇ ನಾವು ದಿಕ್ಕು ಹಿಡಿದುಬಿಡುತ್ತೇವೆ.

ನಿಜವಾದ ತೊಡಕು ಎರಡನೆಯ ಪದದ್ದು, ಇಮ್ಮರ್ಸಿವ್: ಕೇಳುವವರು ಸದ್ದಿನ ಒಳಗೇ ಇದ್ದ ಹಾಗೆ ಎಲ್ಲ ಕಡೆಯಿಂದಲೂ ಬರುವಂಥದ್ದು. ಮುಳುಗು ಅಂದರೆ ಸಾಲ ನೆನಪಾಗುತ್ತದೆ. ತಲ್ಲೀನ ಅನ್ನೋದು ಕೇಳುವವರ ಮನಸ್ಸಿನ ಮಾತು, ಹಳೇ ರೇಡಿಯೋ ಮುಂದೆ ಕೂತೂ ತಲ್ಲೀನರಾಗಬಹುದು.

ಹೋದ ವಾರ ಸಿನಿಮಾ ನೋಡುವಾಗ ಹಿಂದಿನ ಸ್ಪೀಕರಿನಲ್ಲಿ ಮಳೆ ಸಣ್ಣಗೆ ಶುರುವಾಯಿತು. ಅಮ್ಮ ಹಿತ್ತಲ ಬಾಗಿಲ ಕಡೆ ತಿರುಗಿ "ಬಟ್ಟೆ ತೆಗಿಯೋ" ಅಂದರು. ಆಮೇಲೆ ಗೊತ್ತಾಗಿ, "ಸದ್ದು ಹಂಗೇ ಕವ್ಕೊಂಡ್ಬಿಡ್ತಲ್ಲೋ" ಅಂದರು.

ಕವಿ! ಮಂಜು, ಮೋಡ ಕವಿಯುವುದು ಸುತ್ತಲಿಂದಲೂ ಹೌದು, ಮೇಲಿನಿಂದಲೂ ಹೌದು. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ಅನ್ನುವ ಇಮ್ಮರ್ಸಿವ್ ಸದ್ದಿನ ತಂತ್ರದಲ್ಲಿ ತಲೆಯ ಮೇಲೂ ಸ್ಪೀಕರ್ ಇರುತ್ತವೆ, ಅಲ್ಲಿಗೆ ಸುತ್ತು ಸಾಲದು, ಕವಿ ಸಾಲುತ್ತದೆ. ಆದರೆ ಕವಿಸದ್ದು ಅಂತ ಅಂಟಿಸಿದರೆ ಕವಿಗಳ ಸದ್ದು ಅಂತ ಓದುತ್ತಾರೆ, ಹಾಗಾಗಿ ಕವಿಯುವ ಸದ್ದು ಅಂತ ಬಿಡಿಸಿಯೇ ಬರೆಯಬೇಕು. ಇನ್ನೊಂದು ಅಳುಕು: ಕತ್ತಲೆ, ಮಂಕು, ಚಿಂತೆ ಕವಿಯುವುದೇ ಜಾಸ್ತಿ. ಖುಷಿಯಿಂದ ಕೇಳುವ ಸದ್ದಿಗೆ ಅದು ಹೊಂದುತ್ತಾ?

ನಿಮ್ಮ ಕಡೆ ಸದ್ದಿಗೆ ಕವಿ ಅಂತ ಆಡುತ್ತಾರಾ? ತಮಟೆಗೆ, ಜಾತ್ರೆ ಗದ್ದಲಕ್ಕೆ, ಮಳೆಗಾಲದ ಕಪ್ಪೆ ಕೂಗಿಗೆ? ಕೇಳಿದ್ದರೆ ಅವರು ಆಡಿದ ಮಾತನ್ನೇ, ಯಾವ ಊರಿನದು ಅಂತ ಸೇರಿಸಿ ಬರೆಯಿರಿ.