ಅಪ್‌ಡೇಟ್: ಮಗಳ ಉಸಿರಿನ ಸದ್ದು ವೀಸಿಂಗೋ, ಕಟ್ಟಿದ ಮೂಗೋ?

ಹದಿನಾಲ್ಕು ತಿಂಗಳ ಮಗಳು ಶೀತವಾದಾಗ ಗೊರಗೊರ ಸದ್ದು ಮಾಡುತ್ತಾಳೆ, ಇದು ವೀಸಿಂಗ್ (ಶ್ವಾಸನಾಳ ಕಿರಿದಾಗಿ ಬರುವ ಶಿಳ್ಳೆಯಂಥ ಸದ್ದು) ಇರಬಹುದೇ ಎಂದು ಹಿಂದೆ ಕೇಳಿದ್ದೆ. ಮಕ್ಕಳ ವೈದ್ಯರಿಗೆ ತೋರಿಸಿಕೊಂಡು ಬಂದ ಮೇಲೆ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ನಾನು ಕೇಳಿದ್ದು ಮೂಗಿನ ಸದ್ದೇ ಆಗಿತ್ತು. ಎದೆಯ ಮೇಲೆ ಕೈಯಿಟ್ಟರೆ ಗೊರಗೊರ ಅನುಭವಕ್ಕೆ ಬರುತ್ತಿದ್ದರೂ, ಸಲೈನ್ ಹನಿ ಹಾಕಿ ಮೂಗು ಸ್ವಚ್ಛಗೊಳಿಸಿದ ಕೂಡಲೇ ಅದು ಬಹುಮಟ್ಟಿಗೆ ಇಳಿಯುತ್ತಿತ್ತು. ಮೂರನೆಯ ದಿನದ ಸದ್ದು ಬೇರೆಯಾಗಿತ್ತು: ಉಸಿರು ಹೊರಬಿಡುವಾಗ ಸಣ್ಣ ಶಿಳ್ಳೆಯಂತೆ ಎಳೆದು ಬರುತ್ತಿದ್ದ ಅದು ಮೂಗು ತೆರವಾದರೂ, ಕೆಮ್ಮಿದರೂ ಹೋಗಲಿಲ್ಲ. ಅದೇ ವೀಸಿಂಗ್, ವೈರಸ್ ಸೋಂಕಿನಿಂದ ಶ್ವಾಸಕೋಶದ ಸಣ್ಣ ನಾಳಗಳು ಊದಿಕೊಂಡು ಕಿರಿದಾಗಿರುವ ಬ್ರಾಂಕಿಯೊಲೈಟಿಸ್ ಎಂದು ವೈದ್ಯರು ಹೇಳಿದರು. ಉಸಿರು ಒಳಗೆಳೆದುಕೊಳ್ಳುವಾಗ ಬರುವ ಕರ್ಕಶ ಸದ್ದು ಇವೆರಡೂ ಅಲ್ಲ, ಅದಕ್ಕೂ ತಡಮಾಡದೆ ವೈದ್ಯರನ್ನು ಕಾಣಬೇಕಂತೆ.

ಆದರೆ ಸದ್ದಿಗಿಂತ ಹೆಚ್ಚಾಗಿ ನೋಡಬೇಕಾದದ್ದು ಮಗು ಉಸಿರಿಗಾಗಿ ಪಡುತ್ತಿರುವ ಶ್ರಮವನ್ನು, ಮತ್ತು ನಾನು ಗಮನಿಸದೆ ಬಿಟ್ಟದ್ದೂ ಅದನ್ನೇ. ಅಂಗಿ ತೆಗೆದು, ಮಗು ಅಳದೆ ಶಾಂತವಾಗಿರುವಾಗ ಪೂರ್ತಿ 60 ಸೆಕೆಂಡು ಉಸಿರೆಣಿಸಬೇಕು. ಒಂದರಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನಿಮಿಷಕ್ಕೆ 40 ಅಥವಾ ಹೆಚ್ಚು, ಎರಡು ತಿಂಗಳು ತುಂಬಿ ಒಂದು ವರ್ಷವಾಗದ ಕೂಸುಗಳಲ್ಲಿ 50 ಅಥವಾ ಹೆಚ್ಚಿದ್ದರೆ ಅದು ವೇಗದ ಉಸಿರು. ಪಕ್ಕೆಲುಬಿನ ಕೆಳಭಾಗ ಒಳಸೆಳೆಯುವುದು, ಮೂಗಿನ ಹೊಳ್ಳೆ ಅರಳುವುದು, ಹಾಲು ಕುಡಿಯಲಾಗದಿರುವುದು, ತುಟಿ ನೀಲಿಗಟ್ಟುವುದು ಕಂಡರೆ ಸದ್ದು ಯಾವುದೆಂದು ಯೋಚಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ವೀಸಿಂಗ್ ಇದ್ದ ಎದೆ ಒಮ್ಮೆಲೇ ನಿಶ್ಶಬ್ದವಾಗಿ ಮಗು ಬಳಲಿದ್ದರೆ, ಅದು ಗುಣವಾದ ಲಕ್ಷಣವಲ್ಲ, ಇನ್ನೂ ಅಪಾಯದ್ದು.

ಮಗಳ ಶಿಳ್ಳೆ ಸದ್ದು ಈಗ ನಿಂತಿದೆ, ಕೆಮ್ಮು ಸ್ವಲ್ಪ ಉಳಿದಿದೆ. ಸದ್ದು ಕೇಳಿಸಿದಾಗ ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ ಎಂದು ಸಲಹೆ ನೀಡಿದವರಿಗೆ ಕೃತಜ್ಞಳಾಗಿದ್ದೇನೆ. ವೈದ್ಯರು ಮೊದಲು ಕೇಳಿದ್ದು ಅದನ್ನೇ.