ಕಾನೂನು ನೆರವು ಘಟಕದಲ್ಲಿ ವಿದ್ಯಾರ್ಥಿಗಳು ನಿಜವಾಗಿ ಮಾಡಬಹುದಾದ ಕೆಲಸ ಯಾವುದು?

ಪ್ರಶ್ನೆ: ನಾಲ್ಕನೇ ವರ್ಷದ ವಿದ್ಯಾರ್ಥಿನಿ

ಮಾನ್ಯರೇ, ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಐದು ವರ್ಷದ ಕಾನೂನು ಪದವಿ ಓದುತ್ತಿದ್ದೇನೆ. ನಮ್ಮ ಕಾಲೇಜಿನ ಕಾನೂನು ನೆರವು ಘಟಕದಿಂದ ವರ್ಷಕ್ಕೊಂದೆರಡು ಬಾರಿ ಹತ್ತಿರದ ಹಳ್ಳಿಯಲ್ಲಿ ಕಾನೂನು ಅರಿವು ಕಾರ್ಯಕ್ರಮ ನಡೆಯುತ್ತದೆ. ಬ್ಯಾನರ್ ಕಟ್ಟಿ, ಭಾಷಣ ಮುಗಿಸಿ, ಫೋಟೊ ತೆಗೆಸಿಕೊಂಡು ಹಿಂದಿರುಗುತ್ತೇವೆ. ಆ ನಡುವೆ ಯಾರಾದರೂ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಪತ್ರ ಹಿಡಿದು ಬಂದರೆ, ‘ವಕೀಲರನ್ನು ಕಾಣಿ’ ಎಂದು ಹೇಳುವುದನ್ನು ಬಿಟ್ಟು ಬೇರೇನೂ ನಮ್ಮಿಂದ ಆಗುವುದಿಲ್ಲ. ಸನ್ನದು (ವಕೀಲಿ ವೃತ್ತಿಯ ಪರವಾನಗಿ) ಇಲ್ಲದ ವಿದ್ಯಾರ್ಥಿಯು ಕಾನೂನಿನ ಚೌಕಟ್ಟಿನೊಳಗೇ ಇದ್ದು ಅಂಥವರಿಗೆ ಎಷ್ಟರಮಟ್ಟಿಗೆ ನೆರವಾಗಬಹುದು? ಮುಂದಿನ ಇಂಟರ್ನ್‌ಶಿಪ್ಪನ್ನು ಬೆಂಗಳೂರಿನ ದೊಡ್ಡ ಕಚೇರಿಯೊಂದರಲ್ಲಿ ಮಾಡುವ ಬದಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಾಡಿದರೆ ಕಲಿಕೆಗೆ ಹಿನ್ನಡೆಯಾದೀತೇ?

ಉತ್ತರ 1: ತಾಲ್ಲೂಕು ನ್ಯಾಯಾಲಯದ ವಕೀಲ

ಸನ್ನದು ಪಡೆಯದವರು ವಕಾಲತ್ತು ಹಾಕಿ ಕಕ್ಷಿದಾರರ ಪರ ವಾದಿಸುವಂತಿಲ್ಲ; 1961ರ ವಕೀಲರ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಆದರೆ ನನ್ನ ಅನುಭವದಲ್ಲಿ ಹಳ್ಳಿಯವರ ತೊಂದರೆಗಳಲ್ಲಿ ಬಹುಪಾಲು ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲೇ ನಾಡಕಚೇರಿಯಲ್ಲೋ ತಾಲ್ಲೂಕು ಕಚೇರಿಯಲ್ಲೋ ಸಿಕ್ಕಿಕೊಂಡಿರುತ್ತವೆ, ಮತ್ತು ಅಲ್ಲಿಗೆ ಅರ್ಜಿ ಬರೆದುಕೊಡುವುದಕ್ಕೆ ಸನ್ನದು ಬೇಕಾಗಿಲ್ಲ.

ಗಂಡನನ್ನು ಕಳೆದುಕೊಂಡ ಮಹಿಳೆಯೊಬ್ಬರು ಪೌತಿ ಖಾತೆ (ತೀರಿಕೊಂಡವರ ಹೆಸರಿನ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಿಕೊಡಿ ಎಂದು ಬಂದರೆಂದಿಟ್ಟುಕೊಳ್ಳಿ. ಪಹಣಿ ಇನ್ನೂ ಮಾವನ ಹೆಸರಿನಲ್ಲಿರುತ್ತದೆ; ಮಾವನ ಮರಣವೋ ನೋಂದಣಿಯೇ ಆಗಿರುವುದಿಲ್ಲ; ಗಂಡನ ಹೆಸರು ಆಧಾರ್‌ನಲ್ಲಿ ಒಂದು ಬಗೆ, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು ಬಗೆ. ವರ್ಷ ಮೀರಿದ ಮರಣ ನೋಂದಣಿಗೆ ಹಿಂದೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ತರಬೇಕಿತ್ತು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಮುಂತಾದ ಕಂದಾಯ ಇಲಾಖೆಯವರ ಕೈಗೆ ಹೋಗಿದೆ. ಇಷ್ಟನ್ನು ತಿಳಿದು ಸರಿಯಾದ ಕಚೇರಿಗೆ ಕಳುಹಿಸಿದರೂ ಆ ಮಹಿಳೆಗೆ ಹಲವು ದಿನಗಳ ಕೂಲಿ ಉಳಿಯುತ್ತದೆ.

ವಾರಸುದಾರರೆಲ್ಲರನ್ನೂ ತೋರಿಸುವ ವಂಶವೃಕ್ಷದ ಹಂತದಲ್ಲಿ ಇನ್ನೊಂದು ಪಾಠ ಕಾದಿರುತ್ತದೆ. ‘ನಾದಿನಿಯರು ಮದುವೆಯಾಗಿ ಹೋಗಿದ್ದಾರೆ, ಅವರ ಹೆಸರು ಬಿಟ್ಟು ಬರೆಯಿರಿ’ ಎಂದು ಮನೆಯವರೇ ಕೇಳುತ್ತಾರೆ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯನ್ನು ನೀವು ಪರೀಕ್ಷೆಗೆಂದು ಓದಿರುತ್ತೀರಿ. ನೆರವು ಕೋರಿ ಬಂದವರ ಎದುರೇ ಕುಳಿತು, ಅವರ ಮನಸ್ಸು ನೋಯದಂತೆ, ಹಾಗೆ ಬರೆಯಲಾಗದೆಂದು ಹೇಳಿ ಕಾರಣ ತಿಳಿಸುವುದು ಬೇರೆಯೇ ವಿದ್ಯೆ. ಕಾಲೇಜಿನಲ್ಲಿ ವಾದದ ಅಭ್ಯಾಸಕ್ಕೆಂದು ನಡೆಸುವ ಅಣಕು ನ್ಯಾಯಾಲಯದಲ್ಲಿ ಸಂಗತಿಗಳನ್ನು ಅಚ್ಚುಮಾಡಿ ಕೈಗೆ ಕೊಡುತ್ತಾರೆ. ಇಲ್ಲಿ ಅವನ್ನು ನೀವೇ ಕೇಳಿ ಹೊರತೆಗೆಯಬೇಕು.

ಉತ್ತರ 2: ಕಾನೂನು ಅಧ್ಯಾಪಕಿ

ನಿಯಮಗಳಲ್ಲಿ ನೀವು ತಿಳಿದಿರುವುದಕ್ಕಿಂತ ಹೆಚ್ಚಿನ ಅವಕಾಶವಿದೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 12 ವಾರ, ಐದು ವರ್ಷದ ಪದವಿಗೆ ಕನಿಷ್ಠ 20 ವಾರಗಳ ಇಂಟರ್ನ್‌ಶಿಪ್ ಕಡ್ಡಾಯ. ಅದನ್ನು ವಕೀಲರ ಕಚೇರಿಯಲ್ಲಷ್ಟೇ ಅಲ್ಲ, ಸ್ವಯಂಸೇವಾ ಸಂಸ್ಥೆ, ಸ್ಥಳೀಯ ಸಂಸ್ಥೆಗಳಲ್ಲಿಯೂ ಮಾಡಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 4ನೇ ಕಲಮಿನಲ್ಲಿಯೇ ಕಾನೂನು ಕಾಲೇಜುಗಳ ಸೇವಾ ಘಟಕಗಳ ಉಲ್ಲೇಖವಿದೆ. ಅವುಗಳ ಕಾರ್ಯವಿಧಾನಕ್ಕೆ 2011ರ ವಿನಿಯಮಗಳಿವೆ. ಕಾನೂನು ವಿದ್ಯಾರ್ಥಿಗಳು ಅರೆ ಕಾನೂನು ಸ್ವಯಂಸೇವಕರಾಗಿಯೂ (ಜನರಿಗೂ ಕಾನೂನು ಸೇವಾ ಸಂಸ್ಥೆಗಳಿಗೂ ನಡುವಿನ ಕೊಂಡಿಯಾಗಿ ದುಡಿಯುವವರು) ಆಯ್ಕೆಯಾಗಬಹುದು.

ನಿಜವಾದ ತೊಡಕು ಮೇಲ್ವಿಚಾರಣೆಯದು. ಪೂರ್ಣಾವಧಿ ಅಧ್ಯಾಪಕರಾದ ನಾವು ವಕೀಲಿ ವೃತ್ತಿ ನಡೆಸುವಂತಿಲ್ಲವಾದ್ದರಿಂದ, ವಿದ್ಯಾರ್ಥಿ ಬರೆದ ನೋಟಿಸನ್ನೋ ಅರ್ಜಿಯನ್ನೋ ತಿದ್ದಿ ಕೊಟ್ಟರೂ ಮುಂದೆ ನ್ಯಾಯಾಲಯದಲ್ಲಿ ಅದರ ಹೊಣೆ ಹೊರಲಾರೆವು. ಆದ್ದರಿಂದ ಕಾನೂನು ಸೇವಾ ಪ್ರಾಧಿಕಾರವು ಉಚಿತ ನೆರವಿಗೆಂದು ನೇಮಿಸಿಕೊಂಡಿರುವ ಪ್ಯಾನೆಲ್ ವಕೀಲರೊಬ್ಬರು ವಾರದಲ್ಲಿ ಒಂದು ನಿಗದಿತ ದಿನ ಘಟಕದಲ್ಲಿ ಕುಳಿತುಕೊಳ್ಳುವ ವ್ಯವಸ್ಥೆ ಆಗಲೇಬೇಕು. ಅದಿಲ್ಲದ ಘಟಕವನ್ನು ನಾನು ಘಟಕವೆಂದೇ ಎಣಿಸುವುದಿಲ್ಲ. ಇಂಟರ್ನ್‌ಶಿಪ್ ದಿನಚರಿಗೆ ಅಂಕ ಕೊಡುವಾಗಲೂ ಪುಟಗಳನ್ನು ಎಣಿಸುವ ಬದಲು, ವಿದ್ಯಾರ್ಥಿ ಹಿಡಿದ ಒಂದು ಕಡತ ಎಲ್ಲಿಂದ ಎಲ್ಲಿಗೆ ಬಂತೆಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಬಹಳಷ್ಟು ತಿಳಿಯುತ್ತದೆ.

ಉತ್ತರ 3: ಮಹಿಳಾ ಸಹಾಯ ಕೇಂದ್ರವೊಂದರ ಕಾರ್ಯಕರ್ತೆ

ಮೇಲಿನ ಉತ್ಸಾಹಕ್ಕೆ ಸ್ವಲ್ಪ ತಡೆ ಹಾಕಬೇಕೆನಿಸುತ್ತದೆ. ಬಡವರ ಸಂಕಟ ವಿದ್ಯಾರ್ಥಿಗಳ ಪ್ರಯೋಗಶಾಲೆಯಲ್ಲ. ಹೊಡೆತ ತಿಂದು ಬಂದ ಹೆಣ್ಣುಮಗಳು ಒಬ್ಬ ವಿದ್ಯಾರ್ಥಿಗೆ ಎಲ್ಲವನ್ನೂ ಹೇಳಿಕೊಂಡಿರುತ್ತಾಳೆ. ಅಷ್ಟರಲ್ಲಿ ಸೆಮಿಸ್ಟರ್ ಪರೀಕ್ಷೆ ಬರುತ್ತದೆ, ಆತ ಊರಿಗೆ ಹೋಗುತ್ತಾನೆ, ಮುಂದಿನ ತಿಂಗಳು ಬಂದ ಹೊಸಬರ ಮುಂದೆ ಆಕೆ ಅದನ್ನೇ ಮೊದಲಿನಿಂದ ಹೇಳಬೇಕಾಗುತ್ತದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ವರದಿ ಸಿದ್ಧಪಡಿಸಲು ಸಂರಕ್ಷಣಾಧಿಕಾರಿ ಇದ್ದಾರೆ. ಅಂಥ ಪ್ರಕರಣಗಳಲ್ಲಿ ವಿದ್ಯಾರ್ಥಿಗಳು ಆಕೆಯನ್ನು ಅವರ ಬಳಿಗೆ ಕರೆದೊಯ್ದರೆ ಸಾಕು, ಹೇಳಿಕೆ ಬರೆದುಕೊಳ್ಳಲು ಹೋಗಬಾರದು. ಪಿಂಚಣಿ, ಪಡಿತರ ಚೀಟಿ, ಮಾಹಿತಿ ಹಕ್ಕಿನ ಅರ್ಜಿಗಳಿಂದ ಆರಂಭಿಸಲಿ. ಯಾವ ಕಾಗದದ ಮೂಲಪ್ರತಿಯನ್ನೂ ಇಟ್ಟುಕೊಳ್ಳಬಾರದು. ಆಕೆಯ ಚಿತ್ರವಂತೂ ಕಾಲೇಜಿನ ವಾಟ್ಸ್ಆ್ಯಪ್ ಗುಂಪಿಗೆ ಹೋಗಲೇಬಾರದು.

ಉತ್ತರ 1ರ ವಕೀಲರಿಂದ ಮತ್ತೆ

ಕಾರ್ಯಕರ್ತೆಯವರ ಮಾತನ್ನು ಒಪ್ಪುತ್ತೇನೆ. ಕಡತದ ಮೊದಲ ಪುಟದಲ್ಲಿ ಬಂದವರ ವಿವರ, ಕೊಟ್ಟ ಪ್ರತಿಗಳು, ಮುಂದಿನ ದಿನಾಂಕ, ಹೊಣೆಗಾರ ವಕೀಲರ ಹೆಸರು ಇಷ್ಟಿದ್ದರೆ, ವಿದ್ಯಾರ್ಥಿ ಬದಲಾದರೂ ಕೆಲಸ ನಿಲ್ಲುವುದಿಲ್ಲ.

ಇಂಟರ್ನ್‌ಶಿಪ್ ಬಗ್ಗೆ ಕೇಳಿದ್ದಿರಿ. ದೊಡ್ಡ ಕಚೇರಿಯಲ್ಲಿ ಕರಾರು ಬರೆಯುವ ಶಿಸ್ತನ್ನು ಕಲಿಯಬಹುದು, ಅದೇನೂ ಕಡಿಮೆಯದಲ್ಲ. ಆದರೆ 20 ವಾರಗಳನ್ನು ಹೇಗೂ ವರ್ಷವರ್ಷಕ್ಕೆ ಹಂಚಿಯೇ ಮುಗಿಸಬೇಕಾಗಿರುವುದರಿಂದ, ಈ ವರ್ಷದ ಪಾಲನ್ನು ತಾಲ್ಲೂಕಿಗೆ ಕೊಡಿ. ಪ್ರಾಂಶುಪಾಲರ ಪತ್ರದೊಡನೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರನ್ನು ಕಾಣಿ. ಪ್ಯಾನೆಲ್ ವಕೀಲರ ನಿಗದಿತ ದಿನದ ಬೇಡಿಕೆಯನ್ನೂ ಅದೇ ಪತ್ರದಲ್ಲಿ ಸೇರಿಸಿ. ನಿಮ್ಮ ಕೈ ಮೀರಿದ ಪ್ರಕರಣ ಬಂದಾಗ ‘ವಕೀಲರನ್ನು ಕಾಣಿ’ ಎನ್ನುವ ಬದಲು, ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆಂದು ತಿಳಿಸಿ, ಸಮಿತಿಯ ಅರ್ಜಿ ನಮೂನೆಯನ್ನು ಅಲ್ಲಿಯೇ ತುಂಬಿಸಿಕೊಡಿ. ಕಾನೂನು ನೆರವಿನ ಸಹಾಯವಾಣಿ 15100.